ಟೀಚರ್ ನಿಂತ ಮೂಲೆ

ನನ್ನನ್ನು ಕಾರ್ನರಿಗೆ ಹಾಕಬೇಕು ಎಂಬ ತೀರ್ಮಾನವಾದದ್ದು ನಾನಿಲ್ಲದ ಜಾಗದಲ್ಲಿ. ದುಬೈಯ ರಾಸ್ ಅಲ್ ಖೋರ್‌ನ ಗ್ಯಾರೇಜಿನಲ್ಲಿ, ಬಾನೆಟ್ ಎತ್ತಿಟ್ಟ ಯಾರದೋ ಕಾರಿನ ಎದುರು, ಸುಲೈಮಾನಿ ಚಹಾ ಕುಡಿಯುತ್ತ, ಆ ಗ್ಯಾರೇಜು ನಡೆಸುವ, ನಾವೆಲ್ಲ ಅಣ್ಣ ಎನ್ನುವ ನಮ್ಮ ಕಬಡ್ಡಿ ಕೋಚೂ ನನ್ನ ಗಂಡನೂ ಸೇರಿ ಮಾಡಿದ ತೀರ್ಮಾನ ಅದು. ಆಯಿಲ್ ಬದಲಿಸಲೆಂದು ಹೋದ ಗಂಡ ನನ್ನ ಜಾಗವನ್ನೂ ಬದಲಿಸಿಕೊಂಡು ಮನೆಗೆ ಬಂದರು.

"ಅಣ್ಣ ಹೇಳ್ತಿದ್ರು, ಈ ಸಲ ನೀನು ರೈಡ್‌ಗೆ ಹೋಗುದು ಬೇಡ ಅಂತ. ಲೆಫ್ಟ್ ಕಾರ್ನರಲ್ಲಿ ನಿಲ್ಲಬೇಕಂತೆ. ಅಲ್ಲಿ ಅನುಭವ ಇದ್ದವರು ಬೇಕಂತೆ," ಎಂದು ಚಪ್ಪಲಿ ಬಿಡುತ್ತಲೇ ಹೇಳಿದರು.

"ಅಣ್ಣನ ಹತ್ರ ನನ್ನ ನಂಬರ್ ಇಲ್ವಾ?"

"ನೀನು ಕೋಪ ಮಾಡ್ತೀ ಅಂತ ನನ್ನ ಹತ್ರ ಹೇಳಿದ್ದು ಮಾರಾಯ್ತಿ."

ಕೋಪ ಬರುವ ಮಾತೆಂದು ಗೊತ್ತಿದ್ದ ಮೇಲೆ ಆಡುವುದೇಕೆ? ಅಂದು ಸಂಜೆ ಮೀನಿನ ಸಾರಿಗೆ ಖಾರ ತುಸು ಜಾಸ್ತಿಯೇ ಬಿತ್ತು. ಬೇಕೆಂದೇ ಹಾಕಿದ್ದು. ಅವರು ಊಟ ಮಾಡಿ, ಎರಡು ಲೋಟ ಮಜ್ಜಿಗೆ ಕುಡಿದು ಎದ್ದರು.

ನಮ್ಮದು ಕರಾವಳಿಯ ಹೆಂಗಸರ ಕಬಡ್ಡಿ ತಂಡ. ಉಡುಪಿ ಕಡೆಯವರು, ಮಂಗಳೂರಿನವರು, ತುಳು ಮಾತಾಡುವವರು, ಕೊಂಕಣಿ ಮಾತಾಡುವವರು, ಎಲ್ಲರೂ ದುಬೈಯಲ್ಲಿ ಏನಾದರೊಂದು ಕೆಲಸದಲ್ಲಿದ್ದವರು. ಮಿರ್ದಿಫ್‌ನಲ್ಲಿ ನಮ್ಮ ಬಿಲ್ಡಿಂಗಿನ ಹಿಂದೆ ಒಂದು ಖಾಲಿ ಮರಳು ಜಾಗವಿದೆ. ಭಾನುವಾರ ಬಿಸಿಲೇರುವ ಮೊದಲು ಅಲ್ಲೇ ಪ್ರಾಕ್ಟೀಸು. ತಂಡದ ಶುರುವಿನಿಂದಲೂ ರೈಡರ್ ಎಂದರೆ ನಾನು. ಎದುರಾಳಿಗಳ ಅಂಕಣದೊಳಗೆ ಒಬ್ಬಳೇ ನುಗ್ಗಿ, ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎನ್ನುತ್ತ, ಯಾರನ್ನಾದರೂ ಮುಟ್ಟಿ ಗೆರೆಗೆ ಮರಳಬೇಕು. ಕಾರ್ನರ್ ಎಂದರೆ ನಮ್ಮದೇ ಅಂಕಣದ ಮೂಲೆ. ಅಲ್ಲಿ ನಿಂತವಳು ಒಳಗೆ ಬಂದ ರೈಡರಿನ ಕಾಲು ಹಿಡಿಯಬೇಕು. ಎದುರಿನವರು ಬರುವ ತನಕ ಕಾಯುವ ಕೆಲಸ. ಅದೇನೂ ಸಣ್ಣ ಕೆಲಸವಲ್ಲ, ಕಾರ್ನರ್ ಗಟ್ಟಿಯಿಲ್ಲದ ತಂಡ ಗೆಲ್ಲುವುದಿಲ್ಲ. ಆದರೆ ಆ ಕೆಲಸ ನನ್ನದಲ್ಲ, ಅಷ್ಟೇ.

ಕಾಯುವ ಕೆಲಸ ನಾನು ದಿನವೂ ಮಾಡುತ್ತೇನಲ್ಲ! ಈ ಊರಿಗೆ ಬಂದದ್ದು ನರ್ಸ್ ಆಗಿ. ಮಲಯಾಳ, ಹಿಂದಿ, ಚೂರುಪಾರು ಅರಬಿ ಬರುತ್ತದೆಂದು ಕ್ಲಿನಿಕ್ಕಿನವರು ನನ್ನನ್ನು ವಾರ್ಡಿನಿಂದ ತೆಗೆದು ಎದುರಿನ ಕೌಂಟರಿನಲ್ಲಿ ಕೂರಿಸಿದರು. "ಸಿಸ್ಟರ್, ನೀವು ಎಲ್ಲಿ ಹಾಕಿದ್ರೂ ಅಡ್ಜಸ್ಟ್ ಆಗ್ತೀರಿ," ಎಂದರು ಮ್ಯಾನೇಜರ್. ಅದನ್ನು ಹೊಗಳಿಕೆ ಎಂದುಕೊಂಡು ಥ್ಯಾಂಕ್ಯೂ ಬೇರೆ ಹೇಳಿದ್ದೆ. ಮನೆಯಲ್ಲೂ ಅದೇ ಕಥೆ. ಎಲ್ಲಿ ತೂತಿದೆಯೋ ಅಲ್ಲಿಗೆ ನಾನು. ಭಾನುವಾರ ಬೆಳಿಗ್ಗೆ ಆ ಗೆರೆ ದಾಟಿದ ಮೇಲೆ ಮಾತ್ರ ನಾನು ಯಾರಿಗೂ ಅಡ್ಜಸ್ಟ್ ಆಗಬೇಕಾಗಿರಲಿಲ್ಲ. ಎದುರಿನವರು ನನಗೆ ಅಡ್ಜಸ್ಟ್ ಆಗುತ್ತಿದ್ದರು. ಅದನ್ನೇ ಕಿತ್ತುಕೊಳ್ಳುತ್ತೇವೆಂದರೆ ಬಿಟ್ಟೇನೇ?

ಮುಂದಿನ ಪ್ರಾಕ್ಟೀಸಿಗೆ ಅಣ್ಣ ಒಬ್ಬಳು ಹೊಸ ಹುಡುಗಿಯನ್ನು ಕರೆತಂದರು. ಅಲ್ ಐನ್‌ನಲ್ಲಿ ಹುಟ್ಟಿ ಬೆಳೆದವಳು, ಈಗ ದುಬೈಯ ಬ್ಯಾಂಕೊಂದರಲ್ಲಿ ಕೆಲಸ. ಜಿಂಕೆಯ ಹಾಗೆ ಕಾಲು. ನೋಡಿ ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೆ ಹುಡುಗಿ ಒಳ್ಳೆಯವಳು, ಅಕ್ಕಾ ಅಕ್ಕಾ ಎಂದು ನನ್ನ ಹಿಂದೆಯೇ ತಿರುಗಿದಳು. ಸಿಟ್ಟು ಮಾಡಿಕೊಳ್ಳಲೂ ಬಿಡಲಿಲ್ಲ.

ನಾನು ನೇರವಾಗಿ ಅಣ್ಣನ ಎದುರು ಹೋಗಿ ನಿಂತೆ. "ಎಂತ ಅಣ್ಣ, ನಾನು ಬೇಡವಾದೆನಾ?"

"ಬೇಡ ಅಂತ ಯಾರು ಹೇಳಿದ್ದು? ನೋಡು, ಮುಂದಿನ ಟಯರ್ ಸವೆದ್ರೆ ಬಿಸಾಡ್ತೇವಾ? ಹಿಂದೆ ಹಾಕ್ತೇವೆ. ಇನ್ನೂ ಸುಮಾರು ಓಡ್ತದೆ."

"ನಾನು ಟಯರಾ?"

"ಛೆ, ಮಾತಿಗೆ ಹೇಳಿದ್ದು. ನಲವತ್ತು ಹತ್ರ ಬಂತಲ್ಲ ನಿಂಗೆ. ಸೀನಿಯರ್ ನೀನು. ರೈಡ್‌ಗೆ ಹೋಗಿ ಈ ಮಕ್ಕಳ ಕೈಯಲ್ಲಿ ಕೆಳಗೆ ಬೀಳುದು ಚಂದವಾ? ಕಾರ್ನರಲ್ಲಿ ಮರ್ಯಾದೆ ಉಂಟು."

ಮರ್ಯಾದೆಯಂತೆ! ನನಗೆ ಬೇಕಾದದ್ದು ಪಾಯಿಂಟು. ಹಾಗೆಂದು ಬಾಯಿಬಿಟ್ಟೇ ಹೇಳಿದೆ. ಅಣ್ಣ ನಕ್ಕು, "ಒಂದು ಸಲ ನಿಂತಾದ್ರೂ ನೋಡು," ಎಂದರು. ಸರಿ, ನಿಂತೆ. ಹೊಸ ಹುಡುಗಿ ನುಗ್ಗಿದಳು. ಅವಳು ಹಿಂದೆ ತಿರುಗುವಷ್ಟರಲ್ಲಿ ನಾನು ಬಗ್ಗಿ ಹಿಮ್ಮಡಿ ಹಿಡಿದು ಎಳೆದೆ, ಹುಡುಗಿ ಮರಳಿನ ಮೇಲೆ ಮಕಾಡೆ ಬಿದ್ದಳು. ಎಲ್ಲರೂ ಚಪ್ಪಾಳೆ ಹೊಡೆದರು. ಕಾಫಿ ಫ್ಲಾಸ್ಕ್ ಹಿಡಿದುಕೊಂಡು ಕೂತಿದ್ದ ನನ್ನ ಗಂಡನೂ ಹೊಡೆದರು. "ನೋಡಿದ್ಯಾ? ಹುಟ್ಟು ಕಾರ್ನರ್ ನೀನು!" ಎಂದು ಅಣ್ಣ ಕೂಗಿದರು.

ಹೌದು, ಚೆನ್ನಾಗಿಯೇ ಹಿಡಿದೆ. ರೈಡರ್ ಯಾವಾಗ ಹೆದರುತ್ತಾಳೆ, ಯಾವ ಕಾಲು ಕೊನೆಗೆ ಎತ್ತುತ್ತಾಳೆ ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಪಾತ್ರೆಯನ್ನೂ ನಾನು ಚೆನ್ನಾಗಿ ತೊಳೆಯುತ್ತೇನೆ. ಹಾಗೆಂದು ಹಬ್ಬದ ದಿನವೂ ನನ್ನನ್ನೇ ಪಾತ್ರೆಯ ಮುಂದೆ ಕೂರಿಸುತ್ತಾರೇನು? ಬರುತ್ತದೆ ಎಂಬ ಒಂದೇ ಕಾರಣಕ್ಕೆ ಮಾಡಲೇಬೇಕು ಎನ್ನುವ ನ್ಯಾಯ ನನಗೆ ಇವತ್ತಿಗೂ ಅರ್ಥವಾಗಿಲ್ಲ.

"ಈ ಟೂರ್ನಮೆಂಟಿಗೆ ನಾನು ರೈಡರ್. ಇಲ್ಲದಿದ್ರೆ ನಾನು ಬರುದೇ ಇಲ್ಲ. ಖಲಾಸ್," ಎಂದೆ. ಅಣ್ಣ ತಲೆ ಕೆರೆದುಕೊಂಡರು. ಕೊನೆಗೆ ಒಂದು ಒಪ್ಪಂದವಾಯಿತು. ಇಬ್ಬರೂ ರೈಡ್ ಮಾಡುವುದು, ನನ್ನಿಂದಾಗಿ ಸೋತರೆ ಅವತ್ತಿನಿಂದ ನಾನು ಮಾತಿಲ್ಲದೆ ಮೂಲೆಗೆ ಹೋಗುವುದು.

ನಮ್ಮ ಕಡೆಯ ಹೆಂಗಸರಿಗೆ ಕಬಡ್ಡಿ ಹೇಳಿಕೊಡುವುದರಲ್ಲಿ ಒಂದು ಕಷ್ಟವಿದೆ. ಯಾರಿಗಾದರೂ ಕಾಲು ತಾಗಿದರೆ ಅವರನ್ನು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ನಮಗೆ ನಡೆಯಲು ಬರುವ ಮೊದಲೇ ಕಲಿಸಿರುತ್ತಾರೆ. ಕಬಡ್ಡಿಯಲ್ಲಿ ಕಾಲಿನಲ್ಲಿ ಮುಟ್ಟುವುದೇ ಒಂದು ವಿದ್ಯೆ. ಶುರುವಿನಲ್ಲಿ ನಮ್ಮವರು ಒದ್ದು, ಅಲ್ಲೇ ನಿಂತು, "ಅಯ್ಯೋ ಸಾರಿ ಅಕ್ಕ," ಎಂದು ನಮಸ್ಕಾರ ಮಾಡಿ, ಸಿಕ್ಕಿಬೀಳುತ್ತಿದ್ದರು. ಅಣ್ಣ ತಲೆ ತಲೆ ಚಚ್ಚಿಕೊಳ್ಳುತ್ತಿದ್ದರು. ನಾನೇ ಎಲ್ಲರಿಗೂ ಬೈದು ಆ ಚಾಳಿ ಬಿಡಿಸಿದ್ದೆ. "ಗೆರೆ ದಾಟಿದ ಮೇಲೆ ಅಕ್ಕನೂ ಇಲ್ಲ, ಅತ್ತೆಯೂ ಇಲ್ಲ. ಒದಿ, ಓಡು!"

ಟೂರ್ನಮೆಂಟ್ ನಡೆದದ್ದು ಅಬುಧಾಬಿಯ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ, ಮ್ಯಾಟ್ ಮೇಲೆ. ಸೆಮಿಫೈನಲ್‌ನಲ್ಲಿ ನಮಗೆ ಎದುರಾದದ್ದು ಅಲ್ ಐನ್ ತಂಡ. ನುಗ್ಗುವ ನಮಗೆ ಎಡಕ್ಕೆ ಸಿಗುವ ಅವರ ಮೂಲೆಯಲ್ಲಿ ನಿಂತಿದ್ದವರು ಟೀಚರ್. ಐವತ್ತು ದಾಟಿದವರು, ಬಿಳಿಯಾದ ಕೂದಲನ್ನು ಬಿಗಿದು ಜಡೆ ಹಾಕಿದ್ದರು, ಮೊಣಕಾಲಿಗೆ ಪಟ್ಟಿ. ಅಲ್ಲಿನ ಶಾಲೆಯಲ್ಲಿ ಅವರ ಕೈಯಲ್ಲಿ ಗಣಿತ ಕಲಿಯದ ನಮ್ಮವರ ಮಕ್ಕಳು ಕಡಿಮೆ. ನಮ್ಮ ಹೊಸ ಹುಡುಗಿಯೂ ಅವರ ಶಿಷ್ಯೆಯೇ. ಅಂಕಣಕ್ಕೆ ಇಳಿಯುವ ಮೊದಲೇ ಓಡಿಹೋಗಿ, "ಗುಡ್ ಮಾರ್ನಿಂಗ್ ಟೀಚರ್," ಎಂದು ಕೈಕಟ್ಟಿ ನಿಂತುಬಿಟ್ಟಳು. ಅಣ್ಣನೂ ಬಗ್ಗಿ ನಮಸ್ಕಾರ ಮಾಡಿದರು. ಹೋಯಿತು, ಅರ್ಧ ಆಟ ಅಲ್ಲೇ ಸೋತಾಯಿತು ಎಂದುಕೊಂಡೆ.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ನನಗೆ ವಿಷಯ ಹೊಳೆಯಿತು. ಟೀಚರ್ ಇರುವ ಕಡೆಗೆ ಯಾರೂ ಹೋಗುವುದೇ ಇಲ್ಲ. ಟೀಚರನ್ನು ಕಾಲಲ್ಲಿ ಒದೆಯುವುದುಂಟೇ! ಅಲ್ ಐನ್‌ನವರಿಗೆ ಅದು ಚೆನ್ನಾಗಿ ಗೊತ್ತು. ಗಟ್ಟಿಗರನ್ನೆಲ್ಲ ಬಲಗಡೆ ಗುಂಪು ಹಾಕಿ ನಿಲ್ಲಿಸಿದ್ದರು. ನಮ್ಮ ಜಿಂಕೆ ಪ್ರತಿ ಸಲವೂ ಬಲಕ್ಕೇ ಹೋಗಿ ಸಿಕ್ಕಿಬೀಳುತ್ತಿದ್ದಳು.

"ಎಡಕ್ಕೆ ಹೋಗು ಮಾರಾಯ್ತಿ!" ಎಂದೆ.

"ಅಕ್ಕಾ, ಶಿ ಈಸ್ ಮೈ ಟೀಚರ್. ನನ್ನಿಂದ ಆಗುದಿಲ್ಲ."

ಹಾಗಾದರೆ ನಾನು ಹೋಗುತ್ತೇನೆ ಎಂದು ಹೊರಟೆ. ಬಲಕ್ಕೆ ಹೋಗುವವಳ ಹಾಗೆ ಎರಡು ಹೆಜ್ಜೆ ಹಾಕಿ ಸರಕ್ಕನೆ ಎಡಕ್ಕೆ ತಿರುಗಿ ಕಾಲು ಚಾಚಿದೆ. ನನ್ನ ಪಾದದ ತುದಿ ಟೀಚರಿನ ಮೊಣಕಾಲಿನ ಪಟ್ಟಿಗೆ ಚೆನ್ನಾಗಿ ತಾಗಿತು. ಪಾಯಿಂಟ್ ನನ್ನದೇ. ಇನ್ನು ಓಡಿದರಾಯಿತು.

ಓಡಲಿಲ್ಲ. ನನ್ನ ಬಲಗೈ ತಾನಾಗಿಯೇ ಕೆಳಗೆ ಹೋಯಿತು, ಅವರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು! ಊರಿಗೆಲ್ಲ ಉಪದೇಶ ಮಾಡಿದ ನಾನು! ಟೀಚರ್ ಆ ಕೈಯನ್ನೇ ಗಬಕ್ಕನೆ ಹಿಡಿದರು. ಆಮೇಲೆ ಉಳಿದ ಆರೂ ಜನ ಬಂದು ನನ್ನ ಮೇಲೆ ಬಿದ್ದರು. ಉಸಿರು ತಪ್ಪಿತು, ಔಟ್. ನೋಡಲು ಕೂತವರೆಲ್ಲ ಹೊಟ್ಟೆ ಹಿಡಿದು ನಕ್ಕರು.

ಹೊರಗೆ ಬೆಂಚಿನ ಮೇಲೆ ಕೂತೆ. ಮುಖ ಉರಿಯುತ್ತಿತ್ತು. ಅಣ್ಣ ಬಂದು ಮೆಲ್ಲಗೆ ಹೇಳಿದರು, "ಸಾಕು. ಈಗ ಒಳಗೆ ಹೋದ ಮೇಲೆ ಕಾರ್ನರಲ್ಲೇ ನಿಲ್ಲು. ನಾವು ಮೊದಲೇ ಮಾತಾಡಿದ್ದಲ್ವಾ?"

"ಸೋತ ಮೇಲೆ ಅಂತ ಮಾತಾಡಿದ್ದು. ಇನ್ನೂ ಸೋತಿಲ್ಲ."

"ಹಟ ಮಾಡ್ಬೇಡ."

"ಮಾಡ್ತೇನೆ."

ನಮ್ಮವರು ಅಲ್ ಐನ್‌ನ ಒಬ್ಬಳನ್ನು ಹಿಡಿದರು, ಆ ಲೆಕ್ಕಕ್ಕೆ ಔಟಾಗಿದ್ದ ನಾನು ಒಳಗೆ ಬಂದೆ. ಮುಂದಿನ ರೈಡಿಗೆ ಹುಡುಗಿ ಹೆಜ್ಜೆ ಎತ್ತಿದ್ದಳು. ಅವಳ ಭುಜ ಹಿಡಿದು ಹಿಂದಕ್ಕೆ ಸರಿಸಿ ನಾನೇ ಹೋದೆ. "ಏ, ಏ!" ಎಂದು ಅಣ್ಣ ಕೂಗುವುದು ಕೇಳಿಸಿತು. ನನ್ನ ಬಾಯಲ್ಲಿ ಕಬಡ್ಡಿ ಇತ್ತು, ಉತ್ತರ ಕೊಡಲಾಗಲಿಲ್ಲ.

ಈ ಸಲ ಯಾರಿಗೂ ಮಂಕುಬೂದಿ ಎರಚಲಿಲ್ಲ. ಸೀದಾ ಟೀಚರಿನ ಮೂಲೆಗೇ ನಡೆದೆ. ಅವರು ಬಗ್ಗಿ, ಎರಡೂ ಕೈ ಅಗಲಿಸಿ, ನನ್ನ ಕಣ್ಣನ್ನೇ ನೋಡುತ್ತಿದ್ದರು. ಒದ್ದೆ. ಅದೇ ಮೊಣಕಾಲಿಗೆ. ಕೈ ಮತ್ತೆ ಕೆಳಗೆ ಹೋಗಲು ಹವಣಿಸಿತು. ಮುಷ್ಟಿ ಬಿಗಿಹಿಡಿದು ಎದೆಗೊತ್ತಿಕೊಂಡು ಓಡಿದೆ. ಹಿಂದಿನಿಂದ ನನ್ನ ಹಿಮ್ಮಡಿ ಅವರ ಬೆರಳಿಗೆ ಸಿಕ್ಕಿತು. ಅವರನ್ನೂ ಎಳೆದುಕೊಂಡೇ ಬಿದ್ದೆ. ಗಲ್ಲ ಮ್ಯಾಟಿಗೆ ಉಜ್ಜಿತು, ಆದರೆ ಎಡಗೈ ಗೆರೆ ದಾಟಿತ್ತು.

ಟೀಚರ್ ಔಟ್. ನಾನೇನೋ ಅಪಚಾರ ಮಾಡಿದ ಹಾಗೆ ನಮ್ಮವರೇ ಚಪ್ಪಾಳೆ ಹೊಡೆಯಲು ಹಿಂದೆಮುಂದೆ ನೋಡಿದರು. ಟೀಚರ್ ಎದ್ದು, ಪಟ್ಟಿ ಸರಿಮಾಡಿಕೊಂಡು, ಮೆಲ್ಲಗೆ ಹೊರಗೆ ನಡೆದರು. ಅದಾದ ಮೇಲೆ ಆ ಎಡಭಾಗ ಬಾಗಿಲಿಲ್ಲದ ಮನೆಯಾಯಿತು. ಹುಡುಗಿಯೂ ನಾನೂ ಅಲ್ಲಿಂದಲೇ ನುಗ್ಗಿ ನುಗ್ಗಿ ಪಾಯಿಂಟ್ ತಂದೆವು.

ಆದರೂ ಸೋತೆವು, ಒಂದೇ ಪಾಯಿಂಟಿನಲ್ಲಿ. ನಾನು ಸಿಕ್ಕಿಬಿದ್ದ ಆ ಮೊದಲ ರೈಡ್ ದಾಟಿದ್ದರೆ ಗೆಲ್ಲುತ್ತಿದ್ದೆವು ಎಂದು ಲೆಕ್ಕ ಹಾಕಲು ಅಣ್ಣನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಊಟದ ಸಾಲಿನಲ್ಲಿ ಬಿರಿಯಾನಿಯ ಪೊಟ್ಟಣ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಗಂಡ ಅವರ ಹಿಂದೆ ನಿಂತು ನನಗೆ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದರು.

"ಮಾತು ಅಂದ್ರೆ ಮಾತು," ಎಂದರು ಅಣ್ಣ. "ಬರುವ ಭಾನುವಾರದಿಂದ ಕಾರ್ನರ್."

ಮಾತು ಕೊಟ್ಟವಳು ನಾನೇ. ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಟೀಚರಿನ ದನಿ ಬಂತು.

"ಯಾರು ಕಾರ್ನರ್? ಇವಳಾ?"

"ಹೌದು ಟೀಚರ್. ಸೀನಿಯರ್ ಅಲ್ವಾ. ಸ್ವಲ್ಪ ಮರ್ಯಾದೆಯಲ್ಲಿ..."

"ನಂಗೂ ಹೀಗೇ ಹೇಳಿದ್ದು," ಎಂದರು ಟೀಚರ್. "ನಾನೂ ರೈಡರೇ. ನಲವತ್ತಕ್ಕೆ ಮೂಲೆಗೆ ಹಾಕಿದ್ರು, ಮರ್ಯಾದೆ ಅಂತ. ಆ ಮೇಲೆ ನನ್ನ ಹತ್ರ ಒಬ್ಳೂ ಬರ್ಲಿಲ್ಲ. ಆಟ ಎಲ್ಲ ಆಚೆ ಬದಿ. ನಾನು ಸುಮ್ನೆ ಕೈ ಅಗಲ ಮಾಡಿ ನಿಂತದ್ದೇ ನಿಂತದ್ದು. ಇವತ್ತು ಇವಳು ಬಂದು ಒದ್ದಾಗ ಗೊತ್ತಾಯ್ತು, ನಾನು ಔಟ್ ಆಗದೆ ಎಷ್ಟು ಕಾಲ ಆಯ್ತು ಅಂತ."

ಅಣ್ಣನ ಕೈಯಲ್ಲಿ ಪೊಟ್ಟಣ ಹಾಗೇ ಇತ್ತು. ಟೀಚರ್ ನಗುತ್ತಿದ್ದರು, ಆದರೆ ಕಣ್ಣು ಒದ್ದೆಯಾಗಿತ್ತು.

"ಮುಂದಿನ ಸಲ ನಾನು ರೈಡ್ ಬರ್ತೇನೆ," ಎಂದರು. "ಇವಳು ಮೂಲೆಯಲ್ಲಿ ನಿಂತದ್ದು ಕಂಡ್ರೆ ಮೊದ್ಲು ಇವಳಿಗೇ ಒದೀತೇನೆ. ನೆನಪಿಟ್ಕೊಳ್ಳಿ."

"ಕೇಳಿದ್ರಾ ಅಣ್ಣ?" ಎಂದೆ. "ಕೊಟ್ಟ ಮಾತು ವಾಪಸ್ ತಗೊಳ್ತೇನೆ. ಮಾತು ತಪ್ಪಿದವಳು ಅಂತ ಬೇಕಾದ್ರೆ ಊರಿಡೀ ಹೇಳಿ. ರೈಡರ್ ಆಗಿಯೇ ಇರ್ಲಿಕ್ಕೆ ತಪ್ಪಿದವಳು ಅಂತಲೂ ಹೇಳಿ."

ಅಣ್ಣ ಬಿರಿಯಾನಿ ಪೊಟ್ಟಣವನ್ನು ಟೀಚರಿನ ಕೈಗಿಟ್ಟು ಹೋದರು. ನನ್ನ ಗಂಡ ಅವರ ಹಿಂದೆ ಹೋಗಲಿಲ್ಲ. ಅಲ್ಲೇ ನಿಂತು, ನನ್ನ ಗಲ್ಲಕ್ಕೆ ಐಸ್ ತರಬೇಕಾ ಎಂದು ಕೇಳಿದರು.

ಎರಡು ಸಲ ಒದ್ದದ್ದು ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ಆಟ ಮುಗಿದಿದೆಯಲ್ಲ, ಇನ್ನೇನು ಎಂದುಕೊಂಡು, ಬಾಕಿಯಿದ್ದ ನಮಸ್ಕಾರಕ್ಕೆಂದು ಟೀಚರಿನ ಕಾಲಿನತ್ತ ಬಗ್ಗಿದೆ. ಅವರು ಚಂಗನೆ ಹಿಂದಕ್ಕೆ ಹಾರಿದರು, ಐವತ್ತು ದಾಟಿದವರು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡವರು.

"ಏ ಮರುಳೇ! ಈಗ ಕಾಲು ಮುಟ್ಟಿದ್ರೆ ಆ ಪಾಯಿಂಟ್ ವಾಪಸ್ ಕೊಡ್ಬೇಕಾಗ್ತದೆ. ಕೊಡ್ತೀಯಾ?"

"ಇಲ್ಲ ಟೀಚರ್," ಎಂದೆ. "ಕೊಡುದಿಲ್ಲ."