ಲಂಡನ್ ಮುದ್ರೆಯ ಹೊನ್ನೆ ಕೀಸುಳಿ

ಮರದ ಬಗ್ಗೆ ಯಾರು ಏನು ಕೇಳಿದರೂ ಬಡಗಿ ಸಕ್ಲೇನ್ ಮೊದಲು ಅವರ ಕಾಲು ನೋಡುತ್ತಿದ್ದರು. ಕಂದು ಬೂಟು ಇದ್ದರೆ ಅರಣ್ಯ ಇಲಾಖೆಯವರು ಎಂದು ಅವರ ನಂಬಿಕೆ. ಎಂಟು ವರ್ಷದ ಹಿಂದೆ ಶಿವಾಜಿನಗರದ ತಮ್ಮ ಓಣಿಯಲ್ಲೇ ಒಬ್ಬನ ಹತ್ತಿರ ಗಂಧದ ತುಂಡು ಸಿಕ್ಕಿ, ಅವನು ಕೋರ್ಟು ಅಲೆದು ಸೊರಗಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಸಕ್ಲೇನರ ಕೋಣೆಯಲ್ಲಿ ಗಂಧದ ಚಕ್ಕೆಯೂ ಇರಲಿಲ್ಲ. ಇದ್ದದ್ದು ಬೆನ್ಸನ್ ಟೌನಿನಲ್ಲಿ ಕೆಡವಿದ ಹಳೇ ಬಂಗಲೆಗಳಿಂದ ಗುಜರಿಗೆ ಬಂದ ತೊಲೆಗಳು, ಬಾಗಿಲುವಾಡಗಳು. ಹೊನ್ನೆ, ಮತ್ತಿ, ಎಲ್ಲೋ ಒಮ್ಮೆ ಬೀಟೆ. ಆದರೂ ಭಯ ಭಯವೇ.

ಹದಿಮೂರನೇ ವಯಸ್ಸಿಗೆ ಅಪ್ಪನ ಪಕ್ಕ ಕೂತು ಉಳಿ ಹಿಡಿದವರು ಅವರು. ಈಗ ಐವತ್ತೇಳು. ಬೇಕಾದ ಹತಾರಗಳನ್ನು ತಾವೇ ಮಾಡಿಕೊಳ್ಳುವುದು ಆ ಮನೆಯ ಪದ್ಧತಿ. ಅದರಲ್ಲೂ ಮರ ನುಣುಪು ಮಾಡುವ ಕೀಸುಳಿ, ಓಣಿಯ ಬಡಗಿಗಳು 'ರಂದಾ' ಎನ್ನುವುದು, ಸಕ್ಲೇನ್ ಮಾಡಿದರೆ ಕೈಗೆ ಅಂಟಿದಂತೆ ಕೂರುತ್ತಿತ್ತು. ಆದರೆ ಪ್ಲೈವುಡ್ ಬಂತು, ಕರೆಂಟಿನ ಕೀಸುಳಿ ಬಂತು. ಮರದ ರಂದಾ ಕೇಳುವವರು ಒಬ್ಬೊಬ್ಬರಾಗಿ ಇಲ್ಲವಾದರು. ಸಕ್ಲೇನ್ ಮಂಚದ ಕಾಲು ರಿಪೇರಿ ಮಾಡಿಕೊಂಡು ದಿನ ತಳ್ಳುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಮಧುಕರ್ ಎಂಬುವರು ಬಂದರು. ಕಾಲಲ್ಲಿ ಚಪ್ಪಲಿ ಇತ್ತು, ಸಮಾಧಾನ ಆಯಿತು. ಮಹದೇವಪುರದ ಕಡೆ ತಮ್ಮ ಬಡಗಿಗಳಿದ್ದಾರೆ, ಅವರಿಗೆ ಹಳೇ ಮರದ ಕೀಸುಳಿಗಳೇ ಬೇಕು ಎಂದರು. ಅಂದಿನಿಂದ ತಿಂಗಳಿಗೆ ಒಂದೋ ಎರಡೋ ಒಯ್ಯುತ್ತಿದ್ದರು.

"ಒಬ್ಬ ಮನುಷ್ಯನ ಬಡಗಿಗಳಿಗೆ ಇಷ್ಟೊಂದು ರಂದಾ ಯಾತಕ್ಕೆ? ತಿಂತಾರಾ?" ಎಂದು ಹೆಂಡತಿ ಇಮಾಮ್ ಬೀ ಕೇಳಿದ್ದರು.

ಆ ಪ್ರಶ್ನೆ ಸಕ್ಲೇನರಿಗೂ ಬಂದಿತ್ತು. ಕೇಳಿದರೆ ಎಲ್ಲಿ ಕೆಲಸ ನಿಂತುಹೋಗುವುದೋ ಎಂದು ಅದನ್ನು ನುಂಗಿಕೊಂಡಿದ್ದರು. ಪ್ರತಿ ಕೀಸುಳಿಯ ಒಳಗೆ, ಅಲಗು ಕೂರುವ ಸಂದಿನಲ್ಲಿ, ಪೆನ್ಸಿಲಿನಿಂದ ಉರ್ದು ಅಂಕಿಯಲ್ಲಿ ಅದರ ಸಂಖ್ಯೆ ಬರೆದು ಕೊಡುತ್ತಿದ್ದರು. ಅಷ್ಟೇ ಅವರ ಗುರುತು.

ಇತ್ತ ಬಾಣಸವಾಡಿಯಲ್ಲಿ ಹಾವೇರಿಯ ಕಡೆಯ ಪ್ರತಿಭಾ ಎಂಬ ಹೆಣ್ಣುಮಗಳಿದ್ದಳು. ವಾರವೆಲ್ಲ ಆಫೀಸು, ಶನಿವಾರ ಭಾನುವಾರ ಬಾಲ್ಕನಿಯಲ್ಲಿ ಮರಗೆಲಸ. ಅವಳಂಥ ಹವ್ಯಾಸಿಗಳ ಒಂದು ಗುಂಪೇ ಇತ್ತು. ಇಂದಿರಾನಗರದ ಒಂದು ಹಳೇ ವಸ್ತುಗಳ ಅಂಗಡಿಯಲ್ಲಿ ಅವಳು ಒಂದು ಕೀಸುಳಿ ಕೊಂಡಳು. ಅದರ ಹಣೆಯ ಮೇಲೆ ಲಂಡನ್ನಿನ ಒಬ್ಬ ಕುಶಲಕರ್ಮಿಯ ಹೆಸರು, ೧೮೮೭ ಎಂಬ ಇಸವಿ. ಬ್ರಿಟಿಷರ ದಂಡಿನ ಬಂಗಲೆಯೊಂದರ ಅಟ್ಟದಲ್ಲಿ ಸಿಕ್ಕಿದ್ದು ಎಂದು ಅಂಗಡಿಯವರು ಚೀಟಿ ಬರೆದಿದ್ದರು.

ಒಂದು ದಿನ ಅಲಗನ್ನು ಬಿಗಿಹಿಡಿಯುವ ಬೆಣೆ ಸಡಿಲಾಯಿತೆಂದು ಪ್ರತಿಭಾ ಅದನ್ನು ಸ್ವಲ್ಪ ಕೆತ್ತಿದಳು. ಚಕ್ಕೆಗಳು ಪಕ್ಕದಲ್ಲಿದ್ದ ಗಾಜಿನ ಲೋಟದ ನೀರಿಗೆ ಬಿದ್ದವು. ಬೆಳಿಗ್ಗೆ ಬಿಸಿಲಲ್ಲಿ ನೋಡಿದರೆ ನೀರು ಚಹಾದ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ನೀಲಿ ಮಿಂಚುತ್ತಿತ್ತು. ಊರಲ್ಲಿ ಅಜ್ಜಿ ಪಾರ್ವತೆವ್ವ ಸಕ್ಕರೆ ಕಾಯಿಲೆಗೆಂದು ರಾತ್ರಿ ನೆನೆಸಿಟ್ಟು ಕುಡಿಯುತ್ತಿದ್ದ ಹೊನ್ನೆ ಲೋಟದ ನೀರಿಗೂ ಇದೇ ನೀಲಿ ಇರುತ್ತಿತ್ತು.

ಲಂಡನ್ನಿನ ಬಡಗಿಗೆ ನಮ್ಮ ಹೊನ್ನೆ ಮರ ಎಲ್ಲಿ ಸಿಕ್ಕಿತು?

ಅಲಗು ಬಿಚ್ಚಿ ಟಾರ್ಚ್ ಹಾಕಿದಳು. ಸಂದಿನಲ್ಲಿ ಉರ್ದು ಅಂಕಿ ಕಂಡಿತು. ಅದರ ಫೋಟೊ ಹಿಡಿದುಕೊಂಡು ಎರಡು ಶನಿವಾರ ಶಿವಾಜಿನಗರದ ಗುಜರಿಯ ಅಂಗಡಿ ಅಂಗಡಿ ತಿರುಗಿದಳು. ಕೊನೆಗೆ ಗರಗಸಕ್ಕೆ ಹಲ್ಲು ತೀಡುವ ಸೈಫ್ ಎಂಬುವನು, "ಇದು ಮೂವತ್ತೊಂದು ಮೇಡಂ. ಈ ಥರ ಬರೆಯೋದು ಸಕ್ಲೇನ್ ಭಾಯಿ ಒಬ್ರೇ," ಎಂದು ಓಣಿ ತೋರಿಸಿದ.

ಅವಳು ಬಾಗಿಲಲ್ಲಿ ನಿಂತಾಗ ಸಕ್ಲೇನ್ ಎಂದಿನಂತೆ ಕಾಲು ನೋಡಿದರು. ಕಂದು ಬೂಟು! ಅವಳು ಬಗ್ಗಿ ಮೂಲೆಯ ತೊಲೆಯ ಮೇಲೆ ಕೈಯಾಡಿಸಿ, "ಇದು ಹೊನ್ನೆ ಅಲ್ವಾ? ಎಲ್ಲಿಂದ ತರ್ತೀರಿ?" ಎಂದಳು.

"ಗೊತ್ತಿಲ್ಲ ಮೇಡಂ. ಯಾರೋ ಇಟ್ಟೋಗಿದಾರೆ."

ಅವಳು ಚೀಲದಿಂದ ಕೀಸುಳಿ ತೆಗೆದಳು. "ಇದು ನೀವು ಮಾಡಿದ್ದಾ?"

ಸಕ್ಲೇನ್ ಅದನ್ನು ನೋಡಿದ ಕೂಡಲೇ ಗುರುತು ಹಿಡಿದರು. ಯಾವ ತೊಲೆಯ ಯಾವ ತುದಿ ಎಂಬುದೂ ನೆನಪಿತ್ತು. ಆದರೆ ಹಣೆಯ ಮೇಲಿನ ಇಂಗ್ಲಿಷ್ ಮುದ್ರೆ ಅವರದಲ್ಲ. ಅದರ ಮೈಗೆಲ್ಲ ಯಾರೋ ಏನೋ ಕಪ್ಪು ಎಣ್ಣೆ ಬಳಿದಿದ್ದರು. ಇವಳು ತನ್ನನ್ನು ಯಾವುದೋ ಕೇಸಿನಲ್ಲಿ ಸಿಕ್ಕಿಸಲು ಬಂದಿದ್ದಾಳೆ ಎನಿಸಿತು.

"ನಂದಲ್ಲ," ಎಂದರು.

"ಸುಳ್ಳು ಹೇಳ್ತಿದ್ದೀರಿ. ಒಳಗೆ ನಿಮ್ಮ ಅಂಕಿ ಐತಿ. ಲಂಡನ್ ಹೆಸರು ಹಾಕಿ ನಮಗೆ ಟೋಪಿ ಹಾಕಿದ್ದೀರಿ," ಎಂದಳು ಪ್ರತಿಭಾ. ಸಿಟ್ಟಿನಲ್ಲಿ ಅವಳ ಮಾತು ಊರಿನ ಕಡೆಗೆ ಜಾರಿತ್ತು. "ಹೋಗ್ಲಿ ಬಿಡ್ರಿ. ಡೂಪ್ಲಿಕೇಟ್ ಮಾಲು ಇಟ್ಕೊಂಡು ನಾನೇನ್ ಮಾಡ್ಲಿ? ಒಲಿಗೆ ಹಾಕ್ತೀನಿ."

ಅವಳು ತಿರುಗಿ ಮೂರು ಹೆಜ್ಜೆ ಹೋಗಿದ್ದಳು. ಸಕ್ಲೇನ್ ಎದ್ದು ಬಾಗಿಲಿಗೆ ಬಂದಿದ್ದರು.

"ನಿಲ್ಲಮ್ಮಾ! ಡೂಪ್ಲಿಕೇಟ್ ಅಂತ ಯಾರಂದ್ರು? ಆರು ದಿನ ಕೂತು ಮಾಡಿದೀನಿ ಅದನ್ನ. ಅಲಗು ಲಾರಿ ಸ್ಪ್ರಿಂಗ್ ಪಟ್ಟಿದು, ನಾನೇ ಕಾಯ್ಸಿ ಹದ ಮಾಡಿರೋದು. ಲಂಡನ್ನು ಗಿಂಡನ್ನು ನಂಗೊತ್ತಿಲ್ಲ. ಆ ಹೆಸರು ನಾನು ಹಾಕಿಲ್ಲ!"

ಪ್ರತಿಭಾ ಅನುಮಾನದಿಂದಲೇ ಹಿಂದಿರುಗಿದಳು. ಅಂಗಡಿಯ ಚೀಟಿಯನ್ನೂ ಅಂಗಡಿಯವರ ಫೋಟೊವನ್ನೂ ಮೊಬೈಲಿನಲ್ಲಿ ತೋರಿಸಿದಳು. ಫೋಟೊದಲ್ಲಿ ನಗುತ್ತಿದ್ದವರು ಮಧುಕರ್.

ಒಳಗಿನಿಂದ ಇಮಾಮ್ ಬೀ ಬಂದು ನೋಡಿದರು. "ನಾನು ಆಗಲೇ ಹೇಳಿದ್ದೆ," ಎಂದು ಮಾತ್ರ ಹೇಳಿ ಚಹಾ ಇಡಲು ಹೋದರು.

ಮಾರನೆಯ ದಿನ ಸಕ್ಲೇನ್, ಪ್ರತಿಭಾ ಇಬ್ಬರೂ ಇಂದಿರಾನಗರದ ಅಂಗಡಿಗೆ ಹೋದರು. ಆಟೊದಲ್ಲಿ ಸರಿಯಾಗಿ ಮಾತಾಡಲಿಲ್ಲ. ಇವರೂ ಮಧುಕರೂ ಒಂದೇ ತಂಡ ಇರಬಹುದೇ ಎಂದು ಪ್ರತಿಭಾಗೆ ಅನುಮಾನ, ಇವಳು ತನ್ನಿಂದ ಏನು ಬಾಯಿ ಬಿಡಿಸಲು ನೋಡುತ್ತಿದ್ದಾಳೆ ಎಂದು ಸಕ್ಲೇನರಿಗೆ. ಅಂಗಡಿಯ ಗಾಜಿನ ಬೀರುವಿನಲ್ಲಿ ಸಕ್ಲೇನರ ಐದು ಕೀಸುಳಿಗಳು ದೀಪದ ಕೆಳಗೆ ಕೂತಿದ್ದವು. ಒಂದರ ಚೀಟಿಯಲ್ಲಿ ಒಬ್ಬ ಇಂಗ್ಲಿಷ್ ಮೇಜರನ ಕತೆಯೇ ಇತ್ತು. ಸಕ್ಲೇನ್ ಅದನ್ನು ಪ್ರತಿಭಾಳಿಂದ ಓದಿಸಿ ಕೇಳಿದರು.

"ಬಡಗಿಗಳಿಗೆ ಅಂತ ಹೇಳಿದ್ರಲ್ಲ ಸಾರ್?"

ಮಧುಕರ್ ತಬ್ಬಿಬ್ಬಾಗಲಿಲ್ಲ. "ನೀವು ಯಾವತ್ತು ಕೇಳಿದ್ರಿ ಸಕ್ಲೇನ್? ನಾಲ್ಕು ವರ್ಷದಲ್ಲಿ ಒಂದ್ಸಲ ಕೇಳಿದ್ರಾ? ನಿಮಗೂ ಗೊತ್ತಿತ್ತು ಬಿಡಿ."

ಆ ಮಾತು ಸಕ್ಲೇನರಿಗೆ ನಾಟಿತು. ಪೂರ್ತಿ ಗೊತ್ತಿರಲಿಲ್ಲ ನಿಜ. ಏನೋ ಇದೆ ಎಂಬುದು ಮಾತ್ರ ಗೊತ್ತಿತ್ತು. ಅವರು ಹೊರಬಂದು ಫುಟ್‌ಪಾತಿನಲ್ಲಿ ಕೂತು, "ಹೌದಮ್ಮ, ನಾನು ಕೇಳ್ಬೇಕಿತ್ತು," ಎಂದರು. ಆಗಲೇ ಪ್ರತಿಭಾಗೆ ಮೊದಲ ಬಾರಿ ಈ ಮನುಷ್ಯನ ಮೇಲೆ ನಂಬಿಕೆ ಬಂದದ್ದು.

ಅವಳು ಸುದ್ದಿಯನ್ನು ಗುಂಪಿಗೆ ತಿಳಿಸಿದಳು. ಅಂಥ ಕೀಸುಳಿ ಕೊಂಡವರು ಒಂಬತ್ತು ಮಂದಿ ಸಿಕ್ಕರು. ಒಂದು ಭಾನುವಾರ ಅವರೆಲ್ಲ ಓಣಿಗೆ ಬಂದಾಗ ಸಕ್ಲೇನ್ ಬಾಗಿಲು ತೆರೆಯಲು ಹಿಂಜರಿದರು. ಇಮಾಮ್ ಬೀ ತೆರೆದರು. ಬಂದವರಲ್ಲಿ ಕೆಲವರು ಇವರನ್ನು ಕಳ್ಳನನ್ನು ನೋಡಿದಂತೆಯೇ ನೋಡಿದರು. ವಾದ ಮಾಡಲು ಸಕ್ಲೇನರಿಗೆ ಬರುತ್ತಿರಲಿಲ್ಲ. ಗಂಟು ತುಂಬಿದ ಒಂದು ಹುಣಸೆ ಹಲಗೆಯನ್ನು ಬೆಂಚಿಗೆ ಹಾಕಿ, ತಂದವರ ಕೀಸುಳಿಯನ್ನೇ ಹಿಡಿದು ಒಂದೆಳೆತ ಎಳೆದರು. ಕೀಸುಳಿಯ ಬಾಯಿಯಿಂದ ಈರುಳ್ಳಿ ಸಿಪ್ಪೆಯಂಥ ಸುರುಳಿ ಎದ್ದಿತು. ಹಲಗೆಯ ಮೇಲೆ ಗಂಟು ಇದ್ದ ಕಡೆಯೂ ಕೈ ಜಾರುತ್ತಿತ್ತು.

ರಾಜಶೇಖರ ಎಂಬ ಧಾರವಾಡದ ಇಂಜಿನಿಯರು ತನ್ನದನ್ನು ಸಕ್ಲೇನರ ಮುಂದೆ ಹಿಡಿದ. "ನಾ ಇದನ್ನ ಯಾರಿಗೂ ಕೊಡೂದಿಲ್ಲ. ಆ ಮುದ್ರಿ ಅಷ್ಟ ಕೆತ್ತಿ ತಗೀರಿ." ಇನ್ನೊಬ್ಬರು ಮಾತ್ರ ಕೊನೆಯವರೆಗೂ ನಂಬಲಿಲ್ಲ. "ಎಲ್ಲ ನಾಟಕ ರೀ, ಇವರೂ ಆ ಮಧುಕರೂ ಪಾಲುದಾರರು," ಎಂದು ಓಣಿಯಲ್ಲೇ ಗಟ್ಟಿಯಾಗಿ ಹೇಳಿ ಹೋದರು. ಮಧುಕರ್ ಮೂವರಿಗೆ ಹಣ ಹಿಂದಿರುಗಿಸಿ, ಉಳಿದವರ ಫೋನು ಎತ್ತುವುದನ್ನು ಬಿಟ್ಟರು.

ಮಧುಕರ್ ಕೊಳ್ಳುವುದು ನಿಂತು ಮುಂದಿನ ನಾಲ್ಕು ತಿಂಗಳು ಸಕ್ಲೇನರಿಗೆ ಕಷ್ಟವಾಯಿತು. ಕೆ.ಆರ್. ಪುರದಲ್ಲಿ ಬಾಮೈದನ ಜೊತೆ ಫ್ಲ್ಯಾಟುಗಳಿಗೆ ಪ್ಲೈವುಡ್ ಬೀರು ಕೂರಿಸಿದರು. ಅಲ್ಲಿಗೂ ಕೀಸುಳಿ ಬೇಕೆಂದು ಒಬ್ಬರು ಇಬ್ಬರು ವಿಳಾಸ ಕೇಳಿಕೊಂಡು ಬಂದರು. ಅವರ ಹಿಂದೆ ಮತ್ತಿಬ್ಬರು. ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಓಣಿಯ ಕೋಣೆಗೇ ವಾಪಸಾಗಿದ್ದರು.

ಕಳೆದ ತಿಂಗಳು ಮಧುಕರ್ ಮತ್ತೆ ಬಂದರು, ಕೈಯಲ್ಲಿ ಸ್ವೀಟ್ ಬಾಕ್ಸ್. "ಹಳೇದು ಬಿಡಿ. ಈ ಸಲ ನಿಮ್ಮ ಹೆಸರಲ್ಲೇ ಮಾರ್ತೀನಿ."

"ಯಾರು ತಗೋತಾರೆ ಸಾರ್? ಅವರನ್ನ ಇಲ್ಲಿಗೆ ಕರ್ಕೊಂಡು ಬರ್ತೀರಾ? ಅವರ ಕೈ ಅಳತೆ ನೋಡ್ಬೇಕು."

"ಅದೆಲ್ಲ ಆಗಲ್ಲ ಸಕ್ಲೇನ್."

"ಹಂಗಾದ್ರೆ ಇದೂ ಆಗಲ್ಲ ಸಾರ್."

ಮಧುಕರ್ ಬಾಕ್ಸನ್ನು ಅಲ್ಲೇ ಬಿಟ್ಟು ಹೋದರು. ತಾವು ಮಾಡಿದ್ದು ಸರಿಯೋ ತಪ್ಪೋ ಸಕ್ಲೇನರಿಗೆ ಖಚಿತವಿರಲಿಲ್ಲ. ಸ್ವೀಟ್ ಬಾಕ್ಸನ್ನು ಇಮಾಮ್ ಬೀ ಅತ್ತಿತ್ತ ತಿರುಗಿಸಿ, ಮೂಸಿ ನೋಡಿ, ಆಮೇಲೆ ಒಂದು ಮೈಸೂರು ಪಾಕು ಮುರಿದು ಗಂಡನ ಕೈಗಿಟ್ಟರು. ಸಕ್ಲೇನ್ ಅದನ್ನು ತಿಂದು, ಕೈ ಒರೆಸಿಕೊಂಡು, ಪ್ರತಿಭಾ ಮಾಡಿಕೊಡಲು ಹೇಳಿದ್ದ ಹೊಸ ಕೀಸುಳಿಗೆ ಮರ ಆರಿಸಲು ಎದ್ದರು.