ವಂದನಾರ್ಪಣೆಗೆ ಕುಣಿದದ್ದು

ನಮ್ಮ ಯಜಮಾನರ ಕೈಗೆ ಮೈಕು ಕೊಡುವುದು ಸುಲಭ, ವಾಪಸ್ ಇಸಿದುಕೊಳ್ಳುವುದು ಕಷ್ಟ. ಜಾಲಹಳ್ಳಿಯ ಕಾರ್ಖಾನೆಯಲ್ಲಿದ್ದಷ್ಟು ಕಾಲವೂ ಅಲ್ಲಿನ ರಾಜ್ಯೋತ್ಸವ, ಆಯುಧಪೂಜೆ, ಬೀಳ್ಕೊಡುಗೆ ಎಲ್ಲದಕ್ಕೂ ಇವರದೇ ನಿರೂಪಣೆ. ನಿವೃತ್ತರಾಗಿ ಅಲ್ಲಾಳಸಂದ್ರಕ್ಕೆ ಬಂದ ಮೇಲೆ ಬಡಾವಣೆಯ ಸಾಂಸ್ಕೃತಿಕ ಸಂಘಕ್ಕೆ ಕಾರ್ಯದರ್ಶಿಯಾದರು. ಇವರ ಯಾವ ಸಮಾರಂಭದಲ್ಲೂ ನನಗೆ ಸಿಗುತ್ತಿದ್ದದ್ದು ಎರಡೇ ಕೆಲಸ, ಪ್ರಾರ್ಥನೆ ಇಲ್ಲವೇ ವಂದನಾರ್ಪಣೆ. ಪ್ರಾರ್ಥನೆಯ ಹೊತ್ತಿಗೆ ಜನ ಇನ್ನೂ ಬಂದಿರುವುದಿಲ್ಲ. ವಂದನಾರ್ಪಣೆಯ ಹೊತ್ತಿಗೆ ಎದ್ದು ಕಾಫಿ ಕಡೆ ಹೊರಟಿರುತ್ತಾರೆ. ಮೂವತ್ತು ವರ್ಷ ನಾನು ಖಾಲಿ ಕುರ್ಚಿಗಳ ಮುಂದೆ ಹಾಡಿದ್ದೇನೆ, ಜನರ ಬೆನ್ನಿಗೆ ಥ್ಯಾಂಕ್ಸ್ ಹೇಳಿದ್ದೇನೆ.

ಹೀಗಿರುವಾಗ ಜಕ್ಕೂರಿನ ಅಪಾರ್ಟ್‌ಮೆಂಟೊಂದಕ್ಕೆ ಕ್ಯೂಬಾ ದೇಶದವರೊಬ್ಬರು ಬಂದರು. ಡೋಲು ಬಾರಿಸುತ್ತಿದ್ದರು, ಸಾಲ್ಸಾ ನೃತ್ಯ ಕಲಿಸುತ್ತಿದ್ದರು, ಅವರ ಮನೆ ತುಂಬ ಅವರ ಊರಿನ ಗೆಳೆಯರು ಬರೆದ ಚಿತ್ರಗಳಿದ್ದವು. ಕೆರೆ ಏರಿಯ ಮೇಲೆ ವಾಕಿಂಗಿನಲ್ಲಿ ನಮ್ಮ ಯಜಮಾನರಿಗೆ ಪರಿಚಯವಾಯಿತು. ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಕ್ಯೂಬಾದ ಕಲೆಯ ಉತ್ಸವವೊಂದನ್ನು ಮಾಡುವುದೆಂದು ನಿಶ್ಚಯವಾಗಿಯೂ ಹೋಯಿತು.

ನಾನೂ ಪಕ್ಕದ ಮನೆಯ ಆಪಾನೂ ಕುಣಿಯಲು ಕಲಿಯುತ್ತೇವೆಂದು ಆ ಕ್ಯೂಬಾ ಮೇಷ್ಟ್ರ ಬಳಿ ಹೋದೆವು. ಆಪಾ ನಿವೃತ್ತ ಗಣಿತದ ಟೀಚರು. ಒಂದೇ ವಾರಕ್ಕೆ ಅವರ ಮಂಡಿ ಕೈಕೊಟ್ಟಿತು. ಮೇಷ್ಟ್ರು ಅವರ ಕೈಗೆ ಕೋಲಾಟದ ಕೋಲಿನಂಥ ಎರಡು ತುಂಡು ಮರ ಕೊಟ್ಟು, ಟಕ್ ಟಕ್ ಟಕ್, ಟಕ್ ಟಕ್, ಇದೇ ಈ ಸಂಗೀತದ ಜೀವ, ಇದನ್ನು ಬಿಡಬೇಡಿ ಅಂದರು. ಮೇಜು ಕುಟ್ಟಿ ಕುಟ್ಟಿ ಕ್ಲಾಸು ಸುಮ್ಮನಾಗಿಸಿದ ಕೈ ಅದು, ತಾಳ ತಪ್ಪೀತೇ?

ಉಳಿದವಳು ನಾನೊಬ್ಬಳೇ. ಸುದ್ದಿ ಕೇಳಿ ಯಜಮಾನರು, "ನೀನಾ? ಮೆಟ್ಲು ಹತ್ತೋಕೆ ರೇಲಿಂಗ್ ಹಿಡ್ಕೊಳ್ತೀಯ, ನೀನು ಸಾಲ್ಸಾ ಕುಣೀತೀಯಾ?" ಎಂದು ಕಾಫಿ ನೆತ್ತಿಗೇರುವಷ್ಟು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

"ನಗ್ರೀ, ಚೆನ್ನಾಗಿ ನಗ್ರಿ. ಸ್ಟೇಜ್ ಮೇಲೆ ನೋಡೋವ್ರಂತೆ. ಅಲ್ಲೀತನಕ ಒಂದ್ ಹೆಜ್ಜೇನೂ ತೋರ್ಸಲ್ಲ."

"ಆಯ್ತು ಮಹಾತಾಯಿ. ಮುಂದಿನ ಸಾಲಲ್ಲೇ ಕೂತ್ಕೊಂಡು ನೋಡ್ತೀನಿ. ಮಾತು ಕೊಟ್ಟಿದ್ದೀನಿ."

ಮೂರು ತಿಂಗಳು ಬೆವರು ಸುರಿಸಿದೆ. ನಾದಿನಿಯ ಮದುವೆಗೆ ಉಟ್ಟ ಕೆಂಪು ಸೀರೆಯನ್ನು ಕತ್ತರಿಸಿ ನೆರಿಗೆ ನೆರಿಗೆಯ ಲಂಗ ಹೊಲಿಸಿದೆ. ಬೇರೆ ಯಾರು ನೋಡಿದರೆಷ್ಟು, ಬಿಟ್ಟರೆಷ್ಟು. ಆ ನಗುವನ್ನು ಆ ಬಾಯಿಗೇ ವಾಪಸ್ ತುರುಕಬೇಕಿತ್ತು ನನಗೆ.

ಯಲಹಂಕದ ಒಂದು ಕಲ್ಯಾಣ ಮಂಟಪ ಮಧ್ಯಾಹ್ನ ಎರಡರಿಂದ ಐದರವರೆಗೆ ಮಾತ್ರ ಸಿಕ್ಕಿತ್ತು. ಐದಕ್ಕೆ ಯಾರದೋ ರಿಸೆಪ್ಷನ್ನಿನ ಅಲಂಕಾರದವರು ಬರುವವರಿದ್ದರು. ವರನ ಕೋಣೆಯ ಬಾಗಿಲಿಂದ ಊಟದ ಹಾಲಿನವರೆಗೂ ಚಿತ್ರಗಳನ್ನು ತೂಗುಹಾಕಿದ್ದೆವು. ಹುಂಜದ ತಲೆಯ ಹೆಂಗಸಿನ ಚಿತ್ರವೊಂದರ ಮುಂದೆ ಹಿರಿಯರೊಬ್ಬರು ಚಪ್ಪಲಿ ಬಿಟ್ಟು ಕೈಮುಗಿದರು. ಮೇಷ್ಟ್ರು ಅದನ್ನು ನೋಡಿ ಕಣ್ಣೊರೆಸಿಕೊಂಡರು. ನಾವು ಯಾರೂ ತಿದ್ದಲು ಹೋಗಲಿಲ್ಲ.

ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ತಡವಾಗಿ ಬಂದರು. ಕ್ಯೂಬಾದಲ್ಲೂ ಕಬ್ಬು ಬೆಳೆಯುತ್ತಾರೆ, ಮಂಡ್ಯದಲ್ಲೂ ಬೆಳೆಯುತ್ತಾರೆ, ಆದ್ದರಿಂದ ನಾವೆಲ್ಲ ಅಣ್ಣತಮ್ಮಂದಿರು ಎಂದು ಶುರುಮಾಡಿ, ಮಂಡ್ಯದಲ್ಲೇ ಅರ್ಧ ಗಂಟೆ ನಿಂತುಬಿಟ್ಟರು. ಆಮೇಲೆ ಸನ್ಮಾನ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಫೋಟೋ. ಒಬ್ಬರನ್ನು ಬಿಟ್ಟರೂ "ನಾಳೆ ಕೆರೆ ಹತ್ರ ಮುಖ ನೋಡ್ಬೇಕಲ್ಲ ಕಣೇ" ಅನ್ನುವವರು ನಮ್ಮ ಯಜಮಾನರು. ಅಧ್ಯಕ್ಷರಿಗೆ ಆಯಿತು, ಮಾಜಿ ಅಧ್ಯಕ್ಷರಿಗೆ ಆಯಿತು, ಚಿತ್ರಗಳಿಗೆ ಮೊಳೆ ಹೊಡೆದವರಿಗೂ ಮೈಕ್ ಸೆಟ್ಟಿನವರಿಗೂ ಆಯಿತು. ಮೇಷ್ಟ್ರಿಗೆ ತೊಡಿಸಿದ ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಜಾರಿತು. ತೆಗೆದರೆ ಅವಮಾನವಾದೀತೆಂದು ಪಾಪ, ಕಣ್ಣು ಮುಚ್ಚಿದ ಪೇಟದಲ್ಲೇ ಕೂತು ಡೋಲು ಬಾರಿಸಿದರು. ಸಭೆ ಮೈಮರೆತು ಕೇಳಿತು.

ಮುಂದಿನದು ನನ್ನದು. ಲಂಗ ಉಟ್ಟು, ಮಲ್ಲಿಗೆ ಮುಡಿದು ಪರದೆಯ ಹಿಂದೆ ನಿಂತಿದ್ದೆ. ಗಡಿಯಾರ ಐದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಯಜಮಾನರು ಮೈಕಿನಲ್ಲಿ, "ಸಮಯದ ಅಭಾವದಿಂದಾಗಿ ಮಹಿಳಾ ಸದಸ್ಯರ ನೃತ್ಯವನ್ನು ಕೈಬಿಡಲಾಗಿದೆ. ಸಹೃದಯರು ಸಹಕರಿಸಬೇಕು. ಈಗ ವಂದನಾರ್ಪಣೆ" ಅಂದುಬಿಟ್ಟರು!

ಅಯ್ಯೋ, ಇವರ ಬಾಯಿಗೆ ಬೆಂಕಿ ಹಾಕ! ಮೊಳೆ ಹೊಡೆದವರಿಗೆ ಸಮಯ ಇತ್ತು, ಹೆಂಡತಿಗೆ ಇಲ್ಲ. ನನಗೆ ಅಳು ಒತ್ತರಿಸಿ ಬಂತು.

"ಅರೇ, ಕೈಕು? ಯಾಕಕ್ಕಾ ಅಳೋದು?" ಅಂದರು ಆಪಾ. "ವಂದನಾರ್ಪಣೆ ಯಾರ್ದು?"

"ನಂದೇ. ಯಾವಾಗ್ಲೂ ನಂದೇ ಅಲ್ವಾ?"

"ಅದಿಲ್ದೆ ನಿಮ್ಮವ್ರು ಪ್ರೋಗ್ರಾಮ್ ಮುಗ್ಸೋದುಂಟಾ? ನಡೀರಿ ಮತ್ತೆ."

ಹೋದೆ. ಯಜಮಾನರು ಆಗಲೇ ವೇದಿಕೆ ಇಳಿದಿದ್ದರು, ಜನ ಆಗಲೇ ಏಳುತ್ತಿದ್ದರು. ಮೈಕು ಹಿಡಿದು, "ಎಲ್ಲರಿಗೂ ವಂದನೆ. ನಮ್ ಮೇಷ್ಟ್ರಿಗೆ ಕನ್ನಡ ಬರಲ್ಲ, ಕಾಲಲ್ಲಿ ಹೇಳಿದ್ರೆ ತಿಳಿಯತ್ತೆ. ಅದಕ್ಕೆ ಕಾಲಲ್ಲೇ ಹೇಳ್ತೀನಿ" ಅಂದು ಮೈಕನ್ನು ಕುರ್ಚಿಯ ಮೇಲಿಟ್ಟೆ.

ಟಕ್ ಟಕ್ ಟಕ್, ಟಕ್ ಟಕ್. ಎದ್ದವರು ತಿರುಗಿ ನೋಡಿದರು. ಮೇಷ್ಟ್ರು ಪೇಟ ಕಿತ್ತು ಪಕ್ಕಕ್ಕಿಟ್ಟು ಡೋಲು ಎಳೆದುಕೊಂಡರು. ನಾನು ಕುಣಿದೆ. ಎರಡನೇ ಸುತ್ತಿಗೆ ಜನ ಕೂತರು, ಮೂರನೆಯದಕ್ಕೆ ಚಪ್ಪಾಳೆ ತಾಳಕ್ಕೆ ಸೇರಿತು. ತಿರುಗುತ್ತ ತಿರುಗುತ್ತ ನಾನು ಮುಂದಿನ ಸಾಲು ನೋಡಿದೆ. ಯಜಮಾನರ ಕುರ್ಚಿಯ ಮೇಲೆ ಅವರ ಫೈಲು ಮಾತ್ರ ಇತ್ತು. ನಾಲ್ಕು ನಿಮಿಷವೂ ಆ ಫೈಲಿಗೇ ಕುಣಿದೆ ನಾನು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಮಾತ್ರ ಯಾರನ್ನೂ ಮಾತಾಡಿಸದೆ ಆಪಾ ಜೊತೆ ಆಟೋ ಹತ್ತಿ ಮನೆಗೆ ಬಂದುಬಿಟ್ಟೆ.

ಅರ್ಧ ಗಂಟೆಗೆ ಯಜಮಾನರೂ ಬಂದರು. ಜುಬ್ಬದ ತೋಳು ಹರಿದಿತ್ತು, ತಲೆ ತುಂಬ ಥರ್ಮೋಕೋಲಿನ ಪುಡಿ.

"ಎಲ್ ಹಾಳಾಗ್ ಹೋಗಿದ್ರಿ?" ಅಂದೆ.

"ಬಾಗಿಲಲ್ಲಿದ್ದೆ ಕಣೇ. ಡೆಕೋರೇಷನ್‌ನೋರು ಸೋಫಾ ಹೊತ್ಕೊಂಡು ನುಗ್ತಾ ಇದ್ರು. ನೀನು ಮೈಕ್ ಕೆಳಗಿಟ್ಟಿದ್ದು ನೋಡ್ದೆ, ಅವ್ರು ಒಳಗ್ ಬಂದ್ರೆ ಕೆಟ್ಟಿತು ಅಂತ ಅಡ್ಡ ನಿಂತೆ. ತಳ್ಳಿದ್ರು. ಬೇರೆ ದಾರಿ ಕಾಣ್ದೆ ಸ್ವಾಗತ ಭಾಷಣ ಶುರು ಮಾಡ್ದೆ."

"ಯಾರಿಗೆ?"

"ಅವ್ರಿಗೇ. ಒಂದು ಶಾಲು ಉಳಿದಿತ್ತು, ಅವರ ಮೇಸ್ತ್ರಿಗೆ ಹೊದಿಸ್ದೆ. ಸೋಫಾ ಕೆಳಗಿಟ್ಟು ಕೈಮುಗಿದ ಪುಣ್ಯಾತ್ಮ. ಹಿಂದಗಡೆ ಚಪ್ಪಾಳೆ ಕೇಳಿಸ್ತಿತ್ತು ಕಣೇ, ತಿರುಗೋಕೆ ಆಗ್ಲಿಲ್ಲ." ತಲೆಯ ಪುಡಿ ಕೊಡವಿಕೊಳ್ಳುತ್ತ ಅಂದರು, "ನೋಡ್ತೀನಿ ಅಂತ ಮಾತ್ ಕೊಟ್ಟಿದ್ದೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಟೀಪಾಯಿ ಗೋಡೆಗೆ ಸರಿಸಿದೆ. ಸೊಂಟಕ್ಕೆ ಇನ್ನೂ ಅದೇ ಕೆಂಪು ಲಂಗವಿತ್ತು. ಕೋಲು ಆಪಾ ಮನೆಯಲ್ಲಿ, ಡೋಲು ಜಕ್ಕೂರಿನಲ್ಲಿ. ಬಾಯಲ್ಲೇ ತಾಳ ಹೇಳಿಕೊಂಡು, ಸೋಫಾದ ಮೇಲೆ ಕೂತ ಒಬ್ಬ ಪ್ರೇಕ್ಷಕರ ಮುಂದೆ ಮೊದಲಿಂದ ಕುಣಿದೆ. ಒಂದು ಕಡೆ ಮಂಡಿ ಚುರುಕ್ ಅಂದಾಗ ಕಿಟಕಿಯ ಸರಳು ಹಿಡಿದುಕೊಂಡೆ. ಅವರು ನಗಲಿಲ್ಲ.

ಮುಗಿಸಿ ಏದುಸಿರು ಬಿಡುತ್ತ ನಿಂತೆ. ಅವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಸರಿ, ಈಗ ಭಾಷಣ ಶುರುವಾಯಿತು ಅಂದುಕೊಂಡು ನಾನು ಕುರ್ಚಿ ಎಳೆದುಕೊಂಡೆ. ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಮಾತೇ ಬರ್ತಿಲ್ಲ ಕಣೇ" ಅಂದರು.