ವಿಮಾನಕ್ಕೆ ಕಾದವನು

ಲೇಹ್‌ನಿಂದ ಶ್ರೀನಗರಕ್ಕೆ ವಿಮಾನದಲ್ಲಿ ಒಂದೇ ಗಂಟೆ. ಅದನ್ನು ನಂಬಿದ್ದಕ್ಕೆ ಗುಡೇಕೋಟೆಯ ಜೆಸಿಬಿ ಡ್ರೈವರ್ ತೆತ್ತ ಬೆಲೆ, ತಮ್ಮನ ಕೊನೆಯ ಮಾತು. ಅವನು ಆ ಎರಡೂರ ನಡುವಿನ ರಸ್ತೆ ಅಗಲ ಮಾಡುತ್ತಿದ್ದ. ಜೊತೆಗೆ ಕೆಲಸಕ್ಕೆ ಬಂದಿದ್ದ ತಮ್ಮ ಕಾಯಿಲೆ ಬಿದ್ದು ಶ್ರೀನಗರದ ಆಸ್ಪತ್ರೆಯಲ್ಲಿದ್ದ. ರಸ್ತೆಯಲ್ಲಿ ಹೋದರೆ ಎರಡು ದಿನವೆಂದು ವಿಮಾನಕ್ಕೆ ಕಾದ. ಮೋಡ ಕವಿದು ಮೂರು ದಿನ ವಿಮಾನ ಏಳಲಿಲ್ಲ. ತಲುಪುವಷ್ಟರಲ್ಲಿ ತಮ್ಮ ಹೋಗಿಬಿಟ್ಟಿದ್ದ.

ಊರಿಗೆ ಮರಳಿದ ಮೇಲೆ ನನ್ನ ಹೊಲಕ್ಕೆ ಬದು ಹಾಕಲು ಬಂದಾಗಲೂ ಹುಬ್ಬಿಗೆ ಕೈ ಹಿಡಿದು ಮೊದಲು ಆಕಾಶ ನೋಡುತ್ತಿದ್ದ.

"ಕೂಡ್ಲಿಗಿ ಬಸ್ಸಿಗೂ ಮೋಡ ನೋಡ್ತಿಯಲ್ಲಲೇ!" ಎಂದು ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಛೇಡಿಸಿದೆ.

"ಮೋಡ ನೋಡ್ಬೇಕ್ರಿ ಅಣ್ಣಾ," ಎಂದ, ಎಂದಿನಂತೆ. ಆಮೇಲೆ ಮೆಲ್ಲಗೆ, "ಆ ಲೇಹ್ ರಸ್ತಿ ಮಾಡಿದಾವ ನಾನು. ನಾನ ಅದನ್ನ ನಂಬಲಿಲ್ಲ."

ಯಾರಾದರೂ ನಿಮ್ಮ ದಾರಿ ಕಾಯುತ್ತಿದ್ದರೆ ಹಾರಾಟ ಎಷ್ಟು ಹೊತ್ತಿನದೆಂದು ಕೇಳುತ್ತ ಕೂರಬೇಡಿ. ಮೊದಲು ಸಿಕ್ಕ ಜೀಪು ಹತ್ತಿ. ಬಾಡಿಗೆಯ ಚೌಕಾಸಿಯನ್ನು ದಾರಿಯಲ್ಲಿ ಮಾಡಿಕೊಳ್ಳಬಹುದು.